ಶಿಫ್ಟ್ ಹಿಡಿದಾಗ ಮ್ಯಾಕ್ರೋ ಕೆಡ್ತಿತ್ತು, ಸರಿ ಆಯ್ತು

ಇಮೇಲ್ ಅಡ್ರೆಸ್ ಟೈಪ್ ಮಾಡೋಕೆ ಕೀಬೋರ್ಡಲ್ಲಿ ಒಂದು ಮ್ಯಾಕ್ರೋ (ಒಂದೇ ಕೀ ಒತ್ತಿದ್ರೆ ಪೂರ್ತಿ ಅಡ್ರೆಸ್ ಟೈಪ್ ಆಗೋ ಹಾಗೆ) ಇಟ್ಕೊಂಡಿದ್ದೆ, ಎಡಗಡೆ ಶಿಫ್ಟ್ ಹಿಡಿದಿರುವಾಗ ಅದನ್ನ ಒತ್ತಿದ್ರೆ ಅರ್ಧ ಅಡ್ರೆಸ್ ಕ್ಯಾಪಿಟಲ್ಲು, ಆಟ್ ಚಿಹ್ನೆ ಆದ್ಮೇಲೆ ಎಲ್ಲ ಸ್ಮಾಲು. ಸ್ವಿಚ್ಚೇ ಹೋಗಿದೆ ಅಂತ ಕೀಕ್ಯಾಪ್ ಕಿತ್ತು ಕ್ಲೀನ್ ಬೇರೆ ಮಾಡ್ದೆ. ದಂಡ. ವಿಷ್ಯ ಏನಂದ್ರೆ ಬೆರಳಲ್ಲಿ ಹಿಡಿದಿರೋ ಶಿಫ್ಟು ಮ್ಯಾಕ್ರೋ ಕಳಿಸೋ ಅಕ್ಷರಗಳಿಗೂ ಅಂಟ್ಕೊಳತ್ತೆ, ಆಟ್ ಚಿಹ್ನೆಗೆ ಕ್ಯೂಎಂಕೆ (ಕೀಬೋರ್ಡ್ ಒಳಗಿನ ಫರ್ಮ್‌ವೇರ್) ತಾನೇ ಎಡ ಶಿಫ್ಟ್ ಒತ್ತಿ ಆಮೇಲೆ ಬಿಡತ್ತೆ, ಆ ಬಿಡೋದ್ರಲ್ಲಿ ನಂದೂ ಬಿಟ್ಟ ಲೆಕ್ಕ. ಈಗ ಮ್ಯಾಕ್ರೋ ಕೋಡಲ್ಲಿ ಅಕ್ಷರ ಕಳಿಸೋ ಸೆಂಡ್ ಸ್ಟ್ರಿಂಗ್‌ಗೆ ಮುಂಚೆ ಗೆಟ್ ಮಾಡ್ಸ್‌ನಿಂದ ಶಿಫ್ಟ್ ಥರದ ಕೀಗಳ ಆಗಿನ ಸ್ಥಿತಿ ಎತ್ತಿಟ್ಕೊಂಡು ಕ್ಲಿಯರ್ ಮಾಡ್ಸ್ ಹಾಕ್ತೀನಿ, ಮುಗಿದ್ಮೇಲೆ ಸೆಟ್ ಮಾಡ್ಸ್‌ನಿಂದ ವಾಪಸ್. ಒನ್ ಶಾಟ್ ಶಿಫ್ಟ್ (ಒಮ್ಮೆ ಒತ್ತಿ ಬಿಟ್ರೆ ಮುಂದಿನ ಒಂದು ಕೀಗೆ ಮಾತ್ರ ಹತ್ತೋದು) ಬಳಸೋರು ಕ್ಲಿಯರ್ ಒನ್‌ಶಾಟ್ ಮಾಡ್ಸ್ ಕೂಡ ಸೇರಿಸಿ, ನಾನು ಮರ್ತಿದ್ದಕ್ಕೆ ಮೊದಲಕ್ಷರ ಮಾತ್ರ ಇನ್ನೂ ಕ್ಯಾಪಿಟಲ್ ಬರ್ತಿತ್ತು.