ಡೇಟಾ ಸಿಗದ ಊರಿನಲ್ಲಿ ಎಸ್‌ಎಂಎಸ್ ಮೂಲಕ ಮಾಹಿತಿ ಮತ್ತು ಸೇವೆ ಪಡೆಯುವುದು ಹೇಗೆ

ಮಲೆನಾಡಿನ ಅನೇಕ ಮನೆಗಳಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವ ಜಾಗ ಒಂದೇ ಒಂದು ಇರುತ್ತದೆ: ಜಗಲಿಯ ತುದಿ, ಇಲ್ಲವೇ ಅಂಗಳದಾಚೆಯ ದರೆಯ ಮೇಲೆ. ಅಲ್ಲಿಯೂ ಒಂದೆರಡು ಕಡ್ಡಿ ಬಂದು ಹೋಗುತ್ತದೆಯೇ ಹೊರತು ಇಂಟರ್ನೆಟ್ ಪುಟ ತೆರೆದುಕೊಳ್ಳುವುದಿಲ್ಲ. ನನ್ನ ತಾಯಿ ಇರುವುದು ಅಂಥ ಮನೆಯಲ್ಲಿ, ಅವರ ಕೈಯಲ್ಲಿರುವುದು ಬಟನ್ ಫೋನು. ಪಿಂಚಣಿ ಜಮೆಯಾಯಿತೇ ಎಂದು ತಿಳಿಯಲು ಪೇಟೆಯ ಬ್ಯಾಂಕಿಗೆ ಬಸ್ಸು ಹತ್ತುತ್ತಿದ್ದ ಅವರು ಈಗ ಒಂದು ಎಸ್‌ಎಂಎಸ್ ಕಳಿಸಿ ಜಗಲಿಯಲ್ಲೇ ತಿಳಿದುಕೊಳ್ಳುತ್ತಾರೆ. ಅವರಿಗಾಗಿ ನಾನು ಮಾಡಿಕೊಟ್ಟ ವ್ಯವಸ್ಥೆಯನ್ನೇ, ಊರಿನಲ್ಲಿ ಹಿರಿಯರಿರುವ ಎಲ್ಲರಿಗೂ ಉಪಯೋಗವಾಗಲಿ ಎಂದು ಇಲ್ಲಿ ವಿವರಿಸುತ್ತಿದ್ದೇನೆ.

ಡೇಟಾ ಸೋತ ಕಡೆ ಎಸ್‌ಎಂಎಸ್ ಏಕೆ ತಲುಪುತ್ತದೆ ಎಂಬುದನ್ನು ಮೊದಲು ತಿಳಿದಿರುವುದು ಒಳ್ಳೆಯದು. ಹಳೆಯ ಜಿಎಸ್‌ಎಂ (2ಜಿ) ಮೊಬೈಲ್ ಜಾಲದಲ್ಲಿ ಸಂದೇಶವು, ಕರೆಗಳನ್ನು ಜೋಡಿಸಲೆಂದು ಇರುವ ಸಂಕೇತಗಳ ದಾರಿಯಲ್ಲೇ ಸಾಗುವುದರಿಂದ ಅದಕ್ಕೆ ಇಂಟರ್ನೆಟ್ ಸಂಪರ್ಕ ಬೇಕಿಲ್ಲ. ಕೆಲವು ಕ್ಷಣ ಸಿಗ್ನಲ್ ಸಿಕ್ಕರೂ ಸಾಕು. ಉತ್ತರ ಬರುವಷ್ಟರಲ್ಲಿ ಸಿಗ್ನಲ್ ಹೋದರೆ ಕಂಪನಿಯ ಸಂದೇಶ ಕೇಂದ್ರ ಅದನ್ನು ಇಟ್ಟುಕೊಂಡಿದ್ದು, ಫೋನು ಮತ್ತೆ ಜಾಲಕ್ಕೆ ಬಂದಾಗ ತಲುಪಿಸುತ್ತದೆ. ಆದ್ದರಿಂದ ಉತ್ತರ ತಡವಾಯಿತೆಂದು ಅದೇ ಸಂದೇಶವನ್ನು ನಾಲ್ಕಾರು ಬಾರಿ ಕಳಿಸಬೇಡಿ. ಒಂದು ಎಸ್‌ಎಂಎಸ್‌ನಲ್ಲಿ 160 ಇಂಗ್ಲಿಷ್ ಅಕ್ಷರಗಳು ಹಿಡಿಯುತ್ತವೆ. ಕನ್ನಡ ಲಿಪಿಯಾದರೆ 70 ಮಾತ್ರ, ಅದರಲ್ಲಿಯೂ ಕಾಗುಣಿತ ಮತ್ತು ಒತ್ತಕ್ಷರದ ಚಿಹ್ನೆಗಳು ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಕನ್ನಡದಲ್ಲಿ ಬರುವ ಉತ್ತರ ಎರಡು ಮೂರು ತುಂಡಾಗಿ ಬರುವುದು ಇದೇ ಕಾರಣಕ್ಕೆ.

ಈ ಸೇವೆಗಳು ಕೆಲಸ ಮಾಡುವುದು ನಿಗದಿತ ಪದಗಳ ಮೇಲೆ. ಪದ ತಪ್ಪಿದರೆ, ನಡುವಿನ ಖಾಲಿ ಜಾಗ ಬಿಟ್ಟುಹೋದರೆ ಉತ್ತರ ಬರುವುದಿಲ್ಲ. ಕೆಳಗೆ ನಾನು ಅಕ್ಷರಗಳ ಹೆಸರನ್ನು ಕನ್ನಡದಲ್ಲಿ ಬಿಡಿಸಿ ಬರೆದಿದ್ದೇನೆ; ಫೋನಿನಲ್ಲಿ ಅವನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ, ಒಂದಕ್ಕೊಂದು ಸೇರಿಸಿ ಒತ್ತಬೇಕು. ಬಟನ್ ಫೋನಿನಲ್ಲಿ ಪದಗಳನ್ನು ತಾನೇ ಊಹಿಸುವ ನಿಘಂಟನ್ನು ಮೊದಲು ಆಫ್ ಮಾಡಿ. ಇಲ್ಲವಾದರೆ ನೀವು ಒತ್ತಿದ್ದು ಒಂದು, ಪರದೆಯ ಮೇಲೆ ಮೂಡುವುದು ಇನ್ನೊಂದು. ಎರಡು ಸಿಮ್ ಇರುವ ಫೋನಾದರೆ, ಬ್ಯಾಂಕಿಗೂ ಆಧಾರ್‌ಗೂ ಕೊಟ್ಟಿರುವ ನಂಬರಿನಿಂದಲೇ ಸಂದೇಶ ಹೋಗುವಂತೆ ಸೆಟ್ಟಿಂಗ್ ಬದಲಿಸಿಡಿ. ನಾನು ಕಂಡಂತೆ, ಎಸ್‌ಎಂಎಸ್ ಸೇವೆ ಕೈಕೊಡುವುದು ಹೆಚ್ಚಾಗಿ ಈ ಒಂದು ತಪ್ಪಿನಿಂದ.

ಬ್ಯಾಂಕಿನಿಂದ ಆರಂಭಿಸೋಣ. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಗ್ರಾಹಕರು ಆರ್, ಇ, ಜಿ ಎಂದು ಒತ್ತಿ, ಒಂದು ಜಾಗ ಬಿಟ್ಟು ಖಾತೆ ಸಂಖ್ಯೆ ಬರೆದು 09223488888 ಸಂಖ್ಯೆಗೆ ಒಮ್ಮೆ ಕಳಿಸಿ ನೋಂದಾಯಿಸಿಕೊಳ್ಳಬೇಕು. ಆಮೇಲೆ ಬಿ, ಎ, ಎಲ್ ಎಂದು 09223766666ಕ್ಕೆ ಕಳಿಸಿದರೆ, ಅಥವಾ ಅದೇ ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರೆ, ಖಾತೆಯಲ್ಲಿರುವ ಹಣದ ಲೆಕ್ಕ ಬರುತ್ತದೆ. ಬೇರೆ ಬ್ಯಾಂಕುಗಳ ಸಂಖ್ಯೆಗಳನ್ನು ಶಾಖೆಯಲ್ಲಿ ಕೇಳಿ ಬರೆದುಕೊಳ್ಳಿ. ಅಂತರ್ಜಾಲದಲ್ಲಿ ಹುಡುಕಿದಾಗ ವಂಚಕರು ಹಾಕಿರುವ ಸಂಖ್ಯೆಗಳೂ ಸಿಗುತ್ತವೆ.

ಕಾರ್ಖಾನೆ, ಗಾರ್ಮೆಂಟ್ಸ್ ಅಥವಾ ಖಾಸಗಿ ಸಂಸ್ಥೆಗಳಲ್ಲಿ ದುಡಿಯುವವರಿಗೆ ಭವಿಷ್ಯ ನಿಧಿಯ ಸೇವೆ ಬಹಳ ಉಪಯುಕ್ತ, ಏಕೆಂದರೆ ಉತ್ತರವನ್ನು ಕನ್ನಡದಲ್ಲಿಯೇ ಪಡೆಯಬಹುದು. ಇ, ಪಿ, ಎಫ್, ಓ, ಎಚ್, ಓ ಎಂದು ಒತ್ತಿ ಜಾಗ ಬಿಡಿ. ಯು, ಎ, ಎನ್ ಎಂದು ಒತ್ತಿ ಮತ್ತೆ ಜಾಗ ಬಿಡಿ. ಕೊನೆಗೆ ಕನ್ನಡದ ಗುರುತಾಗಿ ಕೆ, ಎ, ಎನ್ ಎಂದು ಸೇರಿಸಿ 7738299899ಕ್ಕೆ ಕಳಿಸಿ. ಕೊನೆಯ ವಂತಿಗೆ ಎಷ್ಟು, ಒಟ್ಟು ಮೊತ್ತ ಎಷ್ಟು ಎಂಬುದು ತಿಳಿಯುತ್ತದೆ. ಇದಕ್ಕೆ ಯುಎಎನ್, ಅಂದರೆ ಭವಿಷ್ಯ ನಿಧಿಯ ಸದಸ್ಯರಿಗೆ ಕೊಡುವ ಗುರುತಿನ ಸಂಖ್ಯೆ, ಸಕ್ರಿಯವಾಗಿರಬೇಕು. ಮಾಲೀಕರು ವಂತಿಗೆ ಕಟ್ಟುತ್ತಿದ್ದಾರೆಯೇ ಎಂಬುದನ್ನು ಕಾರ್ಮಿಕರು ಯಾರನ್ನೂ ಕೇಳದೆ ತಿಳಿಯಲು ಇಷ್ಟು ಸುಲಭವಾದ ದಾರಿ ಇನ್ನೊಂದಿಲ್ಲ; ತಿಂಗಳಿಗೊಮ್ಮೆ ನೋಡುವ ಅಭ್ಯಾಸವಿರಲಿ.

ಆಧಾರ್‌ಗೆ ಸಂಬಂಧಿಸಿದ ಸೇವೆಗಳ ಸಂಖ್ಯೆ 1947. ನಕಲು ಮಾಡಿದ ಬೆರಳಚ್ಚಿನಿಂದ ಜನರ ಖಾತೆಯ ಹಣ ತೆಗೆದ ಪ್ರಕರಣಗಳು 2023ರಲ್ಲಿ ಕರ್ನಾಟಕದಲ್ಲಿಯೂ ವರದಿಯಾಗಿದ್ದವು. ಅದನ್ನು ತಡೆಯಲು ಆಧಾರ್ ಸಂಖ್ಯೆಗೆ ಬೀಗ ಹಾಕುವ ಅನುಕೂಲ ಇಲ್ಲಿದೆ. ಮೊದಲು ಜಿ, ವಿ, ಐ, ಡಿ ಎಂದು ಒತ್ತಿ, ಜಾಗ ಬಿಟ್ಟು ಆಧಾರ್‌ನ ಕೊನೆಯ 4 ಅಂಕಿಗಳನ್ನು ಕಳಿಸಿ. ವಿಐಡಿ ಎಂಬ 16 ಅಂಕಿಗಳ ಸಂಖ್ಯೆ ಬರುತ್ತದೆ. ಬೀಗ ತೆಗೆಯಲು ಇದೇ ಬೇಕಾಗುವುದರಿಂದ ಪುಸ್ತಕದಲ್ಲಿ ಬರೆದಿಡಿ. ಕಳೆದುಹೋದರೆ ಆರ್, ವಿ, ಐ, ಡಿ ಎಂಬ ಪದದೊಂದಿಗೆ ಅದೇ 4 ಅಂಕಿಗಳನ್ನು ಕಳಿಸಿ ಮತ್ತೆ ಪಡೆಯಬಹುದು. ಅನಂತರ ಜಿ, ಇ, ಟಿ, ಓ, ಟಿ, ಪಿ ಎಂಬ ಪದ ಮತ್ತು 4 ಅಂಕಿಗಳನ್ನು ಕಳಿಸಿದರೆ 6 ಅಂಕಿಗಳ ಒಟಿಪಿ ಬರುತ್ತದೆ. ಕೊನೆಗೆ ಎಲ್, ಓ, ಸಿ, ಕೆ, ಯು, ಐ, ಡಿ ಎಂದು ಒತ್ತಿ, ಜಾಗ ಬಿಟ್ಟು 4 ಅಂಕಿಗಳು, ಮತ್ತೆ ಜಾಗ ಬಿಟ್ಟು ಒಟಿಪಿ ಬರೆದು ಕಳಿಸಿ. ಗಂಡ ಹೆಂಡತಿ ಇಬ್ಬರ ಆಧಾರ್‌ಗೂ ಒಂದೇ ಮೊಬೈಲ್ ನಂಬರ್ ಕೊಟ್ಟಿದ್ದು, ಕೊನೆಯ 4 ಅಂಕಿಗಳು ಆಕಸ್ಮಿಕವಾಗಿ ಒಂದೇ ಆಗಿದ್ದರೆ, 4ರ ಬದಲು ಕೊನೆಯ 8 ಅಂಕಿಗಳನ್ನು ಬಳಸಬೇಕು. ಆದರೆ ಬೀಗ ಹಾಕಿದ ಮೇಲೆ ಆಧಾರ್ ಸಂಖ್ಯೆ ಕೊಟ್ಟು ಹೆಬ್ಬೆಟ್ಟು ಒತ್ತುವ ಯಾವ ದೃಢೀಕರಣವೂ ನಡೆಯುವುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ತಿಂಗಳು ತಿಂಗಳೂ ಬೆರಳು ಕೊಟ್ಟು ರೇಷನ್ ತರುವ ಹಿರಿಯರಿಗೆ ಇದು ತೊಡಕಾಗುತ್ತದೆ ಎಂಬ ಕಾರಣಕ್ಕೆ ನನ್ನ ತಾಯಿಯ ಆಧಾರ್‌ಗೆ ನಾನು ಬೀಗ ಹಾಕಿಲ್ಲ, ನನ್ನದಕ್ಕೆ ಹಾಕಿದ್ದೇನೆ.

ರೈಲು ಪ್ರಯಾಣಿಕರು ಪಿ, ಎನ್, ಆರ್ ಎಂದು ಒತ್ತಿ, ಜಾಗ ಬಿಟ್ಟು ಟಿಕೆಟ್ಟಿನ 10 ಅಂಕಿಗಳ ಸಂಖ್ಯೆಯನ್ನು 139ಕ್ಕೆ ಕಳಿಸಿ ಸೀಟಿನ ಸ್ಥಿತಿ ತಿಳಿಯಬಹುದು. ಇದಕ್ಕೆ ಮಾಮೂಲಿ ದರಕ್ಕಿಂತ ಹೆಚ್ಚು ಕಡಿತವಾಗುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಲು ಇ, ಸಿ, ಐ ಎಂಬ ಪದದೊಂದಿಗೆ ಗುರುತಿನ ಚೀಟಿಯ ಸಂಖ್ಯೆಯನ್ನು 1950ಕ್ಕೆ ಕಳಿಸಬೇಕು.

ಹಣ ಕಳಿಸಬೇಕಾದವರಿಗೆ ಎಸ್‌ಎಂಎಸ್ ಸಾಲದು. ಅದಕ್ಕೆ *99# ಇದೆ. ಇದನ್ನು ಕರೆ ಮಾಡುವಂತೆ ಒತ್ತಿದರೆ ಪರದೆಯ ಮೇಲೆ ಪಟ್ಟಿ ಮೂಡುತ್ತದೆ, ಬೇಕಾದ ಅಂಕಿ ಒತ್ತುತ್ತ ಮುಂದುವರಿಯಬೇಕು. ಡೆಬಿಟ್ ಕಾರ್ಡ್ ನೋಡಿಕೊಂಡು ಯುಪಿಐ ಪಿನ್ ಹಾಕಿಕೊಂಡರೆ ಒಮ್ಮೆಗೆ 5000 ರೂಪಾಯಿವರೆಗೆ ಕಳಿಸಬಹುದು. ಸಿಗ್ನಲ್ ನಡುವೆ ಕಡಿದರೆ ಮೊದಲಿನಿಂದ ಆರಂಭಿಸಬೇಕಾಗುವುದರಿಂದ, ಮತ್ತೆ ಕಳಿಸುವ ಮುನ್ನ ಬಾಕಿ ಹಣ ಎಷ್ಟಿದೆ ಎಂದು ತಪ್ಪದೆ ನೋಡಿ.

ಈ ದಾರಿಯಲ್ಲಿಯೂ ವಂಚಕರಿದ್ದಾರೆ, ಇದನ್ನು ಮನೆಯ ಹಿರಿಯರಿಗೆ ಕೂರಿಸಿಕೊಂಡು ಹೇಳಬೇಕು. ಯುಪಿಐ ಆ್ಯಪ್ ನಿಮ್ಮ ನಂಬರನ್ನು ಗುರುತಿಸುವುದು ನಿಮ್ಮ ಸಿಮ್‌ನಿಂದ ಹೋಗುವ ಒಂದು ಎಸ್‌ಎಂಎಸ್ ಮೂಲಕ. ಹಾಗಾಗಿ ಫೋನಿನಲ್ಲಿ ಮಾತನಾಡುವ ಅಪರಿಚಿತರು ಅರ್ಥವಾಗದ ಅಕ್ಷರಗಳ ಸಂದೇಶವೊಂದನ್ನು ಕೊಟ್ಟು ಇಂಥ ಸಂಖ್ಯೆಗೆ ಕಳಿಸಿ ಎಂದರೆ, ಕಳಿಸಲೇಬಾರದು. ಕಳಿಸಿದರೆ ಅವರ ಫೋನಿನ ಯುಪಿಐ ಆ್ಯಪ್ ನಿಮ್ಮ ಹೆಸರಿನಲ್ಲಿ ಸಿದ್ಧವಾಗಬಹುದು. *21* ಅಥವಾ *401* ಎಂದು ಆರಂಭವಾಗುವ ಸಂಖ್ಯೆಯನ್ನು ಒತ್ತಿಸಿದರೆ ನಿಮಗೆ ಬರುವ ಕರೆಗಳು ಅವರ ಪಾಲಾಗಬಹುದು. ##002# ಒತ್ತಿ ಅದನ್ನು ರದ್ದುಪಡಿಸಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸಿಮ್‌ನಲ್ಲಿ ಸ್ವಲ್ಪ ಹಣ ಸದಾ ಇರಲಿ, ಏಕೆಂದರೆ ಪ್ಯಾಕಿನ ಉಚಿತ ಎಸ್‌ಎಂಎಸ್‌ಗಳು ಇಂಥ ಚಿಕ್ಕ ಸಂಖ್ಯೆಗಳಿಗೆಲ್ಲ ಅನ್ವಯಿಸುವುದಿಲ್ಲ. ಬಳಸದೆ ರದ್ದಾದ ನಂಬರನ್ನು 90 ದಿನಗಳ ನಂತರ ಕಂಪನಿ ಬೇರೆಯವರಿಗೆ ಕೊಡಬಹುದು. ಆದ್ದರಿಂದ ಹಳೆಯ ಸಿಮ್ ಬಿಡುವ ಮುನ್ನವೇ ಬ್ಯಾಂಕು, ಆಧಾರ್ ಮತ್ತು ಭವಿಷ್ಯ ನಿಧಿಯಲ್ಲಿ ಹೊಸ ನಂಬರ್ ಹಾಕಿಸಿ. ನಮ್ಮ ಮನೆಯಲ್ಲಿ ಈ ಎಲ್ಲ ಪದಗಳನ್ನೂ ಸಂಖ್ಯೆಗಳನ್ನೂ ದೊಡ್ಡ ಅಕ್ಷರದಲ್ಲಿ ಒಂದು ರಟ್ಟಿನ ಮೇಲೆ ಬರೆದು, ಸಿಗ್ನಲ್ ಸಿಗುವ ಜಗಲಿಯ ಕಂಬಕ್ಕೇ ಕಟ್ಟಿದ್ದೇವೆ.