ಒಂದೇ ಪುಡಿ, ಎರಡು ಬಿಲ್ಲೆ: ಆಮ್ಲಜನಕದ ಡೋಪಿಂಗ್, ನನ್ನ ಅನುಭವ

ಡೋಪಿಂಗ್, ಅಂದರೆ ವಿದ್ಯುತ್ ಗುಣ ಬದಲಿಸಲು ವಸ್ತುವಿಗೆ ಬೇರೊಂದನ್ನು ಚೂರು ಸೇರಿಸುವುದು, ಸಿಲಿಕಾನ್‌ಗೆ ರಂಜಕ ಹಾಕುವುದಷ್ಟೇ ಅಂದುಕೊಂಡು ಬರುತ್ತಾರೆ ಎಂ.ಎಸ್ಸಿ. ಹುಡುಗರು. ಬೇರೆ ಲೋಹ ಬೆರೆಸದೆ, ಬರೀ ಆಮ್ಲಜನಕ ಹೆಚ್ಚಿಸಿ ಅವಾಹಕವನ್ನು ಅತಿವಾಹಕ (ವಿದ್ಯುತ್ತಿಗೆ ರೋಧವೇ ಇಲ್ಲದ ವಸ್ತು) ಮಾಡಬಹುದು ಎಂದು ಅವರಿಗೆ ತೋರಿಸಲು ನಾನು ಆರಿಸಿಕೊಂಡದ್ದು ವೈಬಿಸಿಒ, ಅಂದರೆ ಇಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡ್. 1987ರಲ್ಲಿ ಸಿಕ್ಕ ಈ ವಸ್ತು 92 ಕೆಲ್ವಿನ್‌ನಲ್ಲೇ (ಸುಮಾರು ಮೈನಸ್ 181 ಡಿಗ್ರಿ ಸೆಲ್ಸಿಯಸ್) ರೋಧ ಕಳೆದುಕೊಳ್ಳುತ್ತದೆ. 77 ಕೆಲ್ವಿನ್‌ನ ದ್ರವ ಸಾರಜನಕ ಸಾಕು. ದನಗಳ ಕೃತಕ ಗರ್ಭಧಾರಣೆಯ ನಳಿಕೆಗಳನ್ನು ಇಡುವುದೂ ಅದರಲ್ಲೇ. ಹಾಗಾಗಿ ಬೀದರ್‌ನಲ್ಲಿ ಪರಿಚಯದ ಪಶುವೈದ್ಯರೊಬ್ಬರ ಕ್ಯಾನಿನಿಂದ ನಮಗೂ ಸಿಕ್ಕಿತು.

ಇಟ್ರಿಯಂ ಆಕ್ಸೈಡ್, ಬೇರಿಯಂ ಕಾರ್ಬೊನೇಟ್, ತಾಮ್ರದ ಆಕ್ಸೈಡ್ ತೂಗಿ, ಅಗೇಟ್ ಖಲ್ಲಿನಲ್ಲಿ ಅರೆದೆವು. ಬೇರಿಯಂ ಕಾರ್ಬೊನೇಟ್ ವಿಷ. ಕೈಗವಸು, ಮಾಸ್ಕ್ ಬೇಕೇಬೇಕು. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ಮತ್ತೆ ಅರೆದು, ಬಿಲ್ಲೆ ಒತ್ತಿ, 930ರ ಆಸುಪಾಸಿನಲ್ಲಿ ಕಾಯಿಸಿದೆವು. ಹಸಿರು ಛಾಯೆ ಕಂಡರೆ ಬೇರೆ ಸಂಯುಕ್ತ ಸೇರಿದೆ ಎಂದರ್ಥ. ನಮ್ಮವು ಅಚ್ಚ ಕಪ್ಪು.

ಒಂದು ಬಿಲ್ಲೆಯನ್ನು ಕುಲುಮೆಯಿಂದ ತಟ್ಟನೆ ಹೊರತೆಗೆದು, ಆಮ್ಲಜನಕ ಹೀರಲು ಹೊತ್ತು ಕೊಡದೆ ತಣಿಸಿದೆವು. ಇನ್ನೊಂದನ್ನು ಆಮ್ಲಜನಕ ಹರಿಸುತ್ತ 450 ಡಿಗ್ರಿಯಲ್ಲಿ ಬಹಳ ಹೊತ್ತು ಇಟ್ಟು, ನಿಧಾನ ಇಳಿಸಿದೆವು. ನೋಡಲು ಎರಡೂ ಒಂದೇ. ಬೆಳ್ಳಿ ಪೇಸ್ಟಿನಿಂದ ನಾಲ್ಕು ತಂತಿ ಅಂಟಿಸಿ ಸಾರಜನಕಕ್ಕೆ ಇಳಿಬಿಟ್ಟಾಗ ಎರಡನೆಯದರ ವೋಲ್ಟೇಜ್ ಸೊನ್ನೆಗೆ ಬಿತ್ತು. ಮೊದಲನೆಯದಕ್ಕೆ ಒಬ್ಬ ವಿದ್ಯಾರ್ಥಿನಿ ಕೂಗಿದಳು: "ಸರ್, ಇದು ಇಳೀವಲ್ದು, ಏರ್ಲಾಕತ್ತದ!"

ಆ ಕೂಗಿನಲ್ಲೇ ಪಾಠವೆಲ್ಲ ಇದೆ. ಆಮ್ಲಜನಕ ಕಮ್ಮಿಯಿರುವಾಗ ತಾಮ್ರ-ಆಮ್ಲಜನಕದ ಪದರದಲ್ಲಿ ಪ್ರತಿ ತಾಮ್ರಕ್ಕೂ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್. ಎಲೆಕ್ಟ್ರಾನ್‌ಗಳ ನಡುವಿನ ವಿಕರ್ಷಣೆಯನ್ನು ಹೆಚ್ಚು ಲೆಕ್ಕಿಸದ ಪಟ್ಟಿ ಸಿದ್ಧಾಂತ ನಂಬಿದರೆ ಅದು ಲೋಹವಾಗಬೇಕು. ಆದರೆ ಒಂದೇ ತಾಮ್ರದ ಮೇಲೆ ಎರಡು ಎಲೆಕ್ಟ್ರಾನ್ ಕೂತರೆ ವಿಕರ್ಷಣೆ ವಿಪರೀತ. ಹಾಗಾಗಿ ಎಲ್ಲವೂ ಭರ್ತಿಯಾದ ಬಸ್ಸಿನ ಜನರಂತೆ ಇದ್ದಲ್ಲೇ ನಿಲ್ಲುತ್ತವೆ, ಅವುಗಳ ಸ್ಪಿನ್‌ಗಳು (ಪುಟ್ಟ ಕಾಂತಗಳಂತೆ) ಒಂದು ಬಿಟ್ಟು ಒಂದು ತಿರುಗುಮುರುಗು. ಪದರದ ಪಕ್ಕದ ತಾಮ್ರ-ಆಮ್ಲಜನಕದ ಸರಪಳಿಗಳಲ್ಲಿ ಆಮ್ಲಜನಕ ತುಂಬಿದಾಗ ಅದು ಪದರದಿಂದ ಎಲೆಕ್ಟ್ರಾನ್ ಸೆಳೆಯುತ್ತದೆ. ಉಳಿದ ರಂಧ್ರಗಳು, ಅಂದರೆ ಎಲೆಕ್ಟ್ರಾನ್ ಖಾಲಿಯಾದ ಜಾಗಗಳು, ಹೆಚ್ಚಾಗಿ ಕೂರುವುದು ತಾಮ್ರದ ಮೇಲಲ್ಲ, ಪದರದ ಆಮ್ಲಜನಕದ ಪಿ ಕಕ್ಷಕಗಳಲ್ಲಿ (ಎಲೆಕ್ಟ್ರಾನ್ ನೆಲೆಗಳಲ್ಲಿ). ನನಗೆ ಅತ್ಯಂತ ಸೊಗಸೆನಿಸುವುದು ಇದೇ. ತಾಮ್ರವೊಂದಕ್ಕೆ ಸುಮಾರು 0.16 ರಂಧ್ರವಿದ್ದಾಗ ಅತಿವಾಹಕತೆಯ ತಾಪ ತುತ್ತತುದಿ. ಮೀರಿದರೆ ಮತ್ತೆ ಇಳಿಕೆ.

ನಡುವಿನ ಸ್ಥಿತಿ ಇನ್ನೂ ಕುತೂಹಲದ್ದು. ಸೂತ್ರದಲ್ಲಿ ಆಮ್ಲಜನಕದ ಅಂಕ (ಮೂರು ತಾಮ್ರಕ್ಕೆ ಎಷ್ಟು ಆಮ್ಲಜನಕ ಎಂಬುದು) 6.6ರ ಹತ್ತಿರವಿದ್ದರೆ ಅತಿವಾಹಕತೆ 60 ಕೆಲ್ವಿನ್‌ಗೆ ಇಳಿಯುತ್ತದೆ, ಅದಕ್ಕೂ ಮೇಲಿನ ತಾಪದಲ್ಲೇ ಕೆಲವು ದಿಕ್ಕುಗಳಲ್ಲಿ ಚಲಿಸುವ ಎಲೆಕ್ಟ್ರಾನ್ ಸ್ಥಿತಿಗಳು ಅರೆಬರೆ ಮಾಯವಾಗುತ್ತವೆ. ಸಾರಜನಕದ ತಂಪು ಅಲ್ಲಿಗೆ ಮುಟ್ಟದು, ಹೀಲಿಯಂ ಕ್ರಯೊಸ್ಟಾಟ್ (ಇನ್ನೂ ತಂಪಾಗಿಸುವ ಉಪಕರಣ) ಬೇಕು.

ಮಾಡಿ ನೋಡುವವರು ತಣಿಸಿದ ಬಿಲ್ಲೆಯನ್ನೇ ಆಮ್ಲಜನಕದಲ್ಲಿ ಕಾಯಿಸಿ, ಮೊದಲೂ ನಂತರವೂ ತೂಗಿ. ಒಂದು ಗ್ರಾಂಗೆ ಸುಮಾರು 15 ಮಿಲಿಗ್ರಾಂ ಏರುತ್ತದೆ. ಒಳಹೊಕ್ಕ ಆಮ್ಲಜನಕದ ಲೆಕ್ಕ ಅಲ್ಲೇ ಸಿಗುತ್ತದೆ.