ಮುರುಗಲ ತುಪ್ಪ: ಚಟಚಟ ನಿಲ್ಲುವ ತನಕ ಇಳಿಸಬೇಡಿ

ಏಪ್ರಿಲ್-ಮೇ ಬಂತೆಂದರೆ ಉತ್ತರ ಕನ್ನಡ, ಶಿವಮೊಗ್ಗದ ಕಡೆ ಅಂಗಳದಲ್ಲಿ ಮುರುಗಲು (ಕೋಕಂ) ಹಣ್ಣಿನ ಸಿಪ್ಪೆ ಒಣಗುತ್ತಿರುತ್ತದೆ. ದಕ್ಷಿಣ ಕನ್ನಡದವರಿಗೆ ಇದೇ ಪುನರ್ಪುಳಿ. ಪಿತ್ತಕ್ಕೆ ಸಿಪ್ಪೆಯ ಪಾನಕ ಕುಡಿಯುವುದು ಎಲ್ಲರಿಗೂ ಗೊತ್ತು. ಬೀಜವನ್ನು ಮಾತ್ರ ಸುಮ್ನೆ ಎಸೆಯುತ್ತೇವೆ. ಒಡೆದ ಹಿಮ್ಮಡಿಗೆ ಹಚ್ಚುವ ತುಪ್ಪ ಇರುವುದು ಅದರಲ್ಲೇ.

ಬೀಜವನ್ನು ಬೂದಿ ಹಾಕಿ ತಿಕ್ಕಿ ತೊಳೆಯಿರಿ. ಮಳೆಗಾಲಕ್ಕೆ ಮೊದಲೇ ಗಟ್ಟಿ ಬಿಸಿಲಲ್ಲಿ ಒಣಗಿಸಿ, ಒಡೆದು, ಒಳತಿರುಳನ್ನು ಪುಡಿ ಮಾಡಿ. ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬಿಸಿಯಾದರೆ ಜಿಡ್ಡು ಬಿಟ್ಟು ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ನನಗಂತೂ ಒರಳೇ ಇಷ್ಟ.

ಅಗಲ ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು, ಪುಡಿ ಹಾಕಿ, ಸಣ್ಣ ಉರಿಯಲ್ಲಿ ಒಂದು ಗಂಟೆಯಾದರೂ ಕುದಿಸಿ. ಜಿಡ್ಡು ಮೇಲೆ ತೇಲುತ್ತದೆ. ಆಗಲೇ ಸೌಟು ಹಾಕಬೇಡಿ, ನೀರೂ ಗಸಿಯೂ ಜೊತೆಗೇ ಬರುತ್ತವೆ. ಅಲುಗಾಡಿಸದೆ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೇಲ್ಗಡೆ ಬಿಳಿಚಿದ ಹೆಪ್ಪಳೆ ಕಟ್ಟಿರುತ್ತದೆ. ಅದನ್ನು ಎತ್ತಿಕೊಳ್ಳಿ.

ಹೆಚ್ಚಿನವರು ಕೆಡಿಸುವುದು ಇದರ ಮುಂದಿನ ಹಂತದಲ್ಲಿ. ಹೆಪ್ಪಳೆಯನ್ನು ಮತ್ತೆ ಕಾಯಿಸಬೇಕು. ಕರಗಿ ತಿಳಿಯಾದ ಕೂಡಲೇ ಇಳಿಸಿಬಿಡುತ್ತಾರೆ. ನೀರು ತಳದಲ್ಲಿ ಅಡಗಿರುತ್ತದೆ, ತುಪ್ಪ ಗಟ್ಟಿಯಾದಾಗ ಒಳಗೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಮುಗ್ಗು ವಾಸನೆ. ಉರಿ ಸಣ್ಣಗಿರಲಿ, ಸಿಡಿಯುತ್ತದೆ, ಮಕ್ಕಳು ಹತ್ತಿರ ಬೇಡ. ಕಿವಿಗೊಟ್ಟು ಕೇಳಿ. ಮೊದಲು ಚಟಚಟ ಜೋರಾಗಿರುತ್ತದೆ, ಆಮೇಲೆ ಬಿಡಿಬಿಡಿಯಾಗಿ ಒಂದೊಂದು. ಆ ಒಂದೊಂದೂ ನಿಂತು, ನೊರೆ ಕುಗ್ಗಬೇಕು. ಅನುಮಾನವಿದ್ದರೆ ಒಲೆ ಆರಿಸಿ, ಒಣ ಹತ್ತಿಯ ಬತ್ತಿಯನ್ನು ತುಪ್ಪದಲ್ಲಿ ಅದ್ದಿ, ದೂರ ಒಯ್ದು ಹಚ್ಚಿ ನೋಡಿ. ಸಿಡಿದರೆ ನೀರಿದೆ, ಮತ್ತೆ ಕಾಯಿಸಿ.

ಒಣ ಬಟ್ಟೆಯಲ್ಲಿ ಸೋಸಿ. ಗಟ್ಟಿಯಾಗುತ್ತಾ ಬಂದಾಗ ಮೊಟ್ಟೆ ಗಾತ್ರದ ಉಂಡೆ ಕಟ್ಟಿ. ಮೆತ್ತಗಾಗಲಿ ಎಂದು ಕೆಲವರು ಕೊಬ್ಬರಿ ಎಣ್ಣೆ ಬೆರೆಸುತ್ತಾರೆ. ಬೇಡ. ಹಿಮ್ಮಡಿಯಲ್ಲಿ ಗಟ್ಟಿಯಾಗಿ ನಿಲ್ಲುವುದೇ ಇದರ ಗುಣ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟಿಯರಿಕ್ ಆಮ್ಲ ಎಂಬ ಗಟ್ಟಿಯಾಗಿರುವ ಕೊಬ್ಬಿನಂಶ, ಉಳಿದದ್ದು ಬಹುಪಾಲು ಓಲಿಯಿಕ್ ಆಮ್ಲ ಎಂಬ ಮೆತ್ತನೆಯ ಕೊಬ್ಬಿನಂಶ. ಹಾಗಾಗಿ ಕರಗಲು ಸುಮಾರು 40 ಡಿಗ್ರಿ ಬಿಸಿ ಬೇಕು. ಚರ್ಮದ ತೇವ ಆರಿಹೋಗದಂತೆ ಇದು ಪದರದ ಹಾಗೆ ತಡೆಯುತ್ತದೆ.

ಅಂದಹಾಗೆ, ಕೆಲವು ಡಬ್ಬಿಗಳ ಮೇಲೆ 'ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇರುವ ತುಪ್ಪ' ಎಂದಿರುತ್ತದೆ. ನಂಬಬೇಡಿ. ಆ ಆಮ್ಲ ಇರುವುದು ಹಣ್ಣಿನ ಸಿಪ್ಪೆಯಲ್ಲಿ. ಅದು ನೀರಲ್ಲಿ ಕರಗುತ್ತದೆ, ತುಪ್ಪದಲ್ಲಲ್ಲ. ಕಡುಹಳದಿ ಬಣ್ಣ, ಘಮಘಮ ವಾಸನೆ ಇದ್ದರೂ ಕೊಳ್ಳಬೇಡಿ. ಒಳ್ಳೆಯ ತುಪ್ಪ ಮಾಸಲು ಬಿಳಿ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ.

ಉಂಡೆಯನ್ನೇ ಕಾಲಿಗೆ ಉಜ್ಜಿದರೆ ಹತ್ತುವುದಿಲ್ಲ. ಚಾಕುವಿನಲ್ಲಿ ಹೆರೆದು, ಚಮಚದಲ್ಲಿ ಕರಗಿಸಿ, ಉಗುರುಬೆಚ್ಚಗಾದ ಮೇಲೆ ರಾತ್ರಿ ತೊಳೆದು ಒರೆಸಿದ ಕಾಲಿಗೆ ಹಚ್ಚಿ, ಕಾಲುಚೀಲ ಹಾಕಿ. ಬಿರುಕಿನಲ್ಲಿ ರಕ್ತ ಬರುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಮೊದಲು ವೈದ್ಯರಿಗೆ ತೋರಿಸಿ. ಉಳಿದ ಉಂಡೆ ಒಣ ಡಬ್ಬಿಯಲ್ಲಿರಲಿ, ಒದ್ದೆ ಕೈ ತಾಗಬಾರದು.